ಬೇಕಲದ ಕೋಟೆಯಲ್ಲಿ ಬೆಳಕಿನ ಲೆಕ್ಕ

ಕಾಸರಗೋಡಿನಿಂದ ತೆಂಕಣಕ್ಕೆ, ಹೊಸದುರ್ಗದತ್ತ ಸಾಗುವ ಹಾದಿಯಲ್ಲಿ, ಕಡಲಿಗೆ ಚಾಚಿಕೊಂಡ ಎತ್ತರದ ನೆಲದ ಮೇಲೆ ಬೇಕಲದ ಕೋಟೆ ನಿಂತಿದೆ. ಸುಮಾರು 40 ಎಕರೆ ವಿಸ್ತಾರದ ಈ ಮುರಕಲ್ಲಿನ ಕೋಟೆಯನ್ನು 17ನೆಯ ಶತಮಾನದ ನಡುಭಾಗದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆಂಬುದು ಪ್ರಚಲಿತವಾದ ಇತಿಹಾಸ. ಮುಂದೆ ಅದು ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ವಶವಾಯಿತು; ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿತು; 1956ರ ನವೆಂಬರ್ 1ರಂದು ನೆರೆಹೊರೆಯ ಊರುಗಳೊಡನೆ ಕೇರಳ ರಾಜ್ಯಕ್ಕೆ ಸೇರಿತು. ಪ್ರತಿವರ್ಷ ಶಾಲಾ ಪ್ರವಾಸದ ದಿನಗಳಲ್ಲಿ ಮಕ್ಕಳ ಸಾಲು ಕೋಟೆಬಾಗಿಲಿನ ಆಂಜನೇಯ ಗುಡಿಯನ್ನು ದಾಟಿ ಒಳಗೆ ಬರುತ್ತದೆ. ಈಗ ಪ್ರತಿಯೊಂದು ಗುಂಪಿನಲ್ಲಿಯೂ ಕೆಲವು ಮೊಬೈಲುಗಳು, ಒಂದೆರಡು ಕ್ಯಾಮೆರಾಗಳು ಇದ್ದೇ ಇರುತ್ತವೆ.

ಹಿಂದಿರುಗಿದ ಮೇಲೆ ಮನೆಯಲ್ಲಿ ತೆರೆದು ನೋಡುವ ಚಿತ್ರಗಳಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಕಾಣುತ್ತವೆ. ಒಂದರಲ್ಲಿ ಕಡಲೂ ಮುಗಿಲೂ ಸೊಗಸಾಗಿ ಮೂಡಿ, ಕೋಟೆಯ ಗೋಡೆ ಇದ್ದಿಲಿನ ರಾಶಿಯಂತೆ ಕಪ್ಪಾಗಿರುತ್ತದೆ. ಇನ್ನೊಂದರಲ್ಲಿ ಗೋಡೆಯ ಒಂದೊಂದು ತೂತೂ ಸ್ಪಷ್ಟವಾಗಿದ್ದು, ಕಡಲಿದ್ದ ಜಾಗ ಬರಿಯ ಬಿಳಿ ಹಾಳೆಯಾಗಿರುತ್ತದೆ. ಕಣ್ಣಿಗೆ ಎರಡೂ ಏಕಕಾಲಕ್ಕೆ ಕಂಡಿದ್ದವು. ಕಣ್ಣು ಪ್ರಖರವಾದುದನ್ನು ನೋಡುವಾಗ ಒಂದು ಬಗೆಯಲ್ಲಿ, ನೆರಳನ್ನು ನೋಡುವಾಗ ಇನ್ನೊಂದು ಬಗೆಯಲ್ಲಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಆ ನೋಟಗಳನ್ನೆಲ್ಲ ಮಿದುಳು ಒಂದಾಗಿ ಹೊಲಿಯುತ್ತದೆ. ಒಂದೇ ಸಲ ಕ್ಲಿಕ್ಕಿಸುವ ಕ್ಯಾಮೆರಾಕ್ಕೆ ಆ ಅವಕಾಶವಿಲ್ಲ.

ಕ್ಯಾಮೆರಾದೊಳಗಿನ ಸಂವೇದಕವನ್ನು, ಅಂದರೆ ಸೆನ್ಸರನ್ನು, ಆಟಿಯ ಮಳೆಯಲ್ಲಿ ಅಂಗಳದ ತುಂಬ ಒತ್ತೊತ್ತಾಗಿ ಇಟ್ಟ ಕೋಟ್ಯಂತರ ಪುಟ್ಟ ಕೊಡಪಾನಗಳೆಂದು ಭಾವಿಸಬಹುದು. ಬೆಳಕಿನ ಕಣಗಳು ಹನಿಗಳಂತೆ ಬಂದು ಬೀಳುತ್ತವೆ; ಪ್ರತಿಯೊಂದು ಕೊಡಪಾನವೂ ತನ್ನೊಳಗೆ ಬಿದ್ದುದನ್ನು ಇಲೆಕ್ಟ್ರಾನುಗಳ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೊಡಪಾನ ತುಂಬಿದ ಮೇಲೆ ಬಿದ್ದ ಹನಿ ಹೊರಚೆಲ್ಲಿ ಹೋಗುತ್ತದೆ. ಆಮೇಲೆ ಎಷ್ಟು ಸುರಿಯಿತೆಂಬುದನ್ನು ಯಾರೂ ಹೇಳಲಾರರು. ಕಡಲು ಬಿಳಿ ಹಾಳೆಯಾದುದು ಹೀಗೆ. ಮತ್ತೊಂದು ತುದಿಯಲ್ಲಿ, ತಳದಲ್ಲಿ ನಾಲ್ಕೇ ಹನಿಗಳಿದ್ದಾಗ ಅಳತೆಯ ದೋಷವೇ ಹನಿಗಳ ಲೆಕ್ಕವನ್ನು ಮುಚ್ಚಿಬಿಡುತ್ತದೆ. ಕತ್ತಲೆಯ ಭಾಗಗಳಲ್ಲಿ ಕಾಣುವ ಕಾಳುಕಾಳಾದ ಕಲೆಗಳು, ಅಂದರೆ ನಾಯ್ಸ್, ಬಹುಮಟ್ಟಿಗೆ ಇದರ ಫಲ.

ಈ ಎರಡು ಎಲ್ಲೆಗಳ ನಡುವಣ ಅಂತರವೇ ಡೈನಾಮಿಕ್ ರೇಂಜ್. ಒಂದು ಕೊಡಪಾನದಲ್ಲಿ 50,000 ಇಲೆಕ್ಟ್ರಾನುಗಳು ಹಿಡಿಯುತ್ತವೆ, ಓದುವಾಗಿನ ದೋಷ 3 ಇಲೆಕ್ಟ್ರಾನುಗಳಷ್ಟು ಎಂದಿಟ್ಟುಕೊಂಡರೆ ಅವುಗಳ ಅನುಪಾತ ಸುಮಾರು 16,700. ಛಾಯಾಗ್ರಾಹಕರು ಇದನ್ನು ಇಮ್ಮಡಿಗಳಲ್ಲಿ ಎಣಿಸುತ್ತಾರೆ. ಬೆಳಕು ಒಮ್ಮೆ ಇಮ್ಮಡಿಯಾದರೆ ಅದು ಒಂದು ಸ್ಟಾಪ್. 16,700 ಪಟ್ಟು ಎಂದರೆ ಸರಿಸುಮಾರು 14 ಸ್ಟಾಪ್. ಇದು ಕಾಗದದ ಮೇಲಿನ ಲೆಕ್ಕ. ಕೆಳಗಿನ ಕೆಲವು ಸ್ಟಾಪುಗಳು ನಾಯ್ಸಿನಿಂದ ತುಂಬಿರುವುದರಿಂದ ಚಿತ್ರಕ್ಕೆ ಒದಗುವುದು ಇನ್ನೂ ಕಡಿಮೆ. ಐಎಸ್‌ಒ ಸಂಖ್ಯೆಯನ್ನು ಏರಿಸಿದಷ್ಟೂ ಈ ವ್ಯಾಪ್ತಿ ಕುಗ್ಗುತ್ತ ಹೋಗುತ್ತದೆ.

ಕೋಟೆಯೊಳಗಿನ ಸುರಂಗದ ಬಾಯಿಂದ ನಡುಹಗಲಿನ ಹೊರನೋಟವನ್ನು ತೆಗೆಯಹೊರಟವರಿಗೆ ಈ ಮಿತಿ ಕೂಡಲೇ ಎದುರಾಗುತ್ತದೆ. ಹೊರಗಿನ ಮುಗಿಲಿಗೂ ಒಳಗಿನ ಗೋಡೆಗೂ ಹತ್ತು ಸ್ಟಾಪುಗಳ ವ್ಯತ್ಯಾಸವಿದ್ದರೆ ಒಂದು ಇನ್ನೊಂದರ 1,024 ಪಟ್ಟು ಪ್ರಖರವೆಂದು ಅರ್ಥ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅಲ್ಲಿ ಅನಿವಾರ್ಯ. ಆ ತೀರ್ಮಾನಕ್ಕೆ ನೆರವಾಗುವ ನಕ್ಷೆಯೇ ಹಿಸ್ಟೋಗ್ರಾಮ್.

ಈ ನಕ್ಷೆಯ ಎಡತುದಿ ಕಪ್ಪು, ಬಲತುದಿ ಬಿಳುಪು. ನಡುವೆ ಏಳುವ ಗುಡ್ಡದ ಎತ್ತರವು ಆ ಹೊಳಪಿನ ಬಿಂದುಗಳು ಎಷ್ಟಿವೆ ಎಂಬುದನ್ನು ಹೇಳುತ್ತದೆ. ಸುರಂಗದ ಬಾಯಿಯ ಚಿತ್ರದಲ್ಲಿ ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ನಡುವೆ ಬಯಲು ಕಾಣುತ್ತದೆ. ಬಲಗೋಡೆಗೆ ಗುಡ್ಡ ಒರಗಿ ನಿಂತರೆ ಅಷ್ಟು ಕೊಡಪಾನಗಳು ತುಂಬಿ ಚೆಲ್ಲಿವೆಯೆಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಮ್ ಸಾಧಾರಣವಾಗಿ ಸಂವೇದಕ ಕಂಡದ್ದರ ಲೆಕ್ಕವಲ್ಲ. ಕ್ಯಾಮೆರಾ ತಾನೇ ಸಂಸ್ಕರಿಸಿ ತೋರಿಸುವ ಜೆಪೆಗ್ ಚಿತ್ರದ ಲೆಕ್ಕ.

ಮೂಲದಲ್ಲಿ ಸಂವೇದಕಕ್ಕೆ ಬಣ್ಣದ ಅರಿವಿಲ್ಲ. ಕೊಡ್ಯಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಅದರ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಳನ್ನು ಚದುರಂಗದ ಮನೆಗಳಂತೆ ಹಾಸಲಾಗಿರುತ್ತದೆ. ಅರ್ಧದಷ್ಟು ಮನೆಗಳು ಹಸಿರು. ಹಗಲಿನ ಬೆಳಕಿನಲ್ಲಿ ಹಸಿರು ಕೊಡಪಾನಗಳು ಬೇಗ ತುಂಬುತ್ತವೆ, ಕೆಂಪೂ ನೀಲಿಯೂ ಹಿಂದೆ ಬೀಳುತ್ತವೆ. ಬಿಳಿಯದು ಬಿಳಿಯಾಗಿಯೇ ಕಾಣಲೆಂದು ವೈಟ್ ಬ್ಯಾಲೆನ್ಸಿನ ಹೆಸರಿನಲ್ಲಿ ಕೆಂಪು, ನೀಲಿ ಅಂಕೆಗಳನ್ನು ಕ್ಯಾಮೆರಾ ಒಂದೂವರೆ, ಎರಡು ಪಟ್ಟು ಹಿಗ್ಗಿಸುತ್ತದೆ. ಆಮೇಲೆ ಹೊಳಪನ್ನೂ ಬಣ್ಣದ ಗಾಢತೆಯನ್ನೂ ತಿದ್ದಿ, ಎಲ್ಲವನ್ನೂ 256 ಮಟ್ಟಗಳಿಗೆ ಇಳಿಸುತ್ತದೆ. ಸಂಜೆಬಿಸಿಲು ಬಿದ್ದ ಮುರಕಲ್ಲಿನ ಗೋಡೆಯ ಕೆಂಪು ಈ ಹಿಗ್ಗಿಸುವಿಕೆಯಲ್ಲಿ ಮಿತಿ ಮೀರಿ, ಪರದೆಯ ಹಿಸ್ಟೋಗ್ರಾಮ್ 'ಹೋಯಿತು' ಎನ್ನುತ್ತದೆ; ಮೂಲ ಅಂಕೆಗಳಲ್ಲಿ ಕೆಂಪು ಇನ್ನೂ ಸುರಕ್ಷಿತವಾಗಿಯೇ ಇರಬಹುದು.

ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ರಾ ಫೈಲ್ ಸಾಕ್ಷಿಯ ಮೂಲ ಹೇಳಿಕೆ. ಜೆಪೆಗ್ ಅದನ್ನು ಓದಿ ಯಾರೋ ಬರೆದ ಸಾರಾಂಶ. ಸಾರಾಂಶ ಚೊಕ್ಕವಾಗಿರಬಹುದು, ನ್ಯಾಯವಾಗಿಯೂ ಇರಬಹುದು. ಆದರೆ ಅದರಲ್ಲಿ ಬಿಟ್ಟುಹೋದ ಮಾತನ್ನು ಸಾರಾಂಶದಿಂದಲೇ ಹುಡುಕಿ ತೆಗೆಯಲಾಗದು. 14 ಬಿಟ್‌ಗಳ ರಾ ಫೈಲಿನಲ್ಲಿ 16,384 ಮಟ್ಟಗಳಿರುತ್ತವೆ. ಬೆಳಕು ಎಷ್ಟೋ ಅಂಕೆಯೂ ಅಷ್ಟೇ ಏರುವುದರಿಂದ ಅವುಗಳಲ್ಲಿ ಅರ್ಧ, ಅಂದರೆ 8,192, ಅತ್ಯಂತ ಪ್ರಖರವಾದ ಒಂದೇ ಸ್ಟಾಪಿಗೆ ಸಲ್ಲುತ್ತವೆ. ಅದರ ಕೆಳಗಿನದಕ್ಕೆ 4,096, ಅದಕ್ಕೂ ಕೆಳಗಿನದಕ್ಕೆ 2,048. ಹೀಗೆ ಕೆಳಗಿಳಿದಂತೆ ನೆರಳಿನ ಪಾಲು ಕರಗುತ್ತ ಬರುತ್ತದೆ.

ಅದಕ್ಕಿಂತಲೂ ಮುಖ್ಯವಾದುದು ಬೆಳಕಿನ ಸ್ವಭಾವ. ಹನಿಗಳು ಎಣಿಸಿಟ್ಟಂತೆ ಬೀಳುವುದಿಲ್ಲ. ಸರಾಸರಿ 100 ಕಣಗಳು ಬರುವಲ್ಲಿ 10ರಷ್ಟು ಹೆಚ್ಚುಕಡಿಮೆಯಾಗುತ್ತದೆ. 10,000 ಬರುವಲ್ಲಿ 100ರಷ್ಟು ಮಾತ್ರ. ಮೊದಲನೆಯದು ನೂರಕ್ಕೆ ಹತ್ತರ ದೋಷ, ಎರಡನೆಯದು ನೂರಕ್ಕೆ ಒಂದರದು. ಆದುದರಿಂದಲೇ ಬಲ್ಲವರು ಮುಖ್ಯವಾದ ಹೊಳಪು ಚೆಲ್ಲದಷ್ಟು ಎಚ್ಚರ ವಹಿಸಿ, ಉಳಿದಂತೆ ಸಾಧ್ಯವಾದಷ್ಟು ಬೆಳಕನ್ನು ಒಳಗೆ ಬಿಡುತ್ತಾರೆ. ಅಲೆಯ ನೆತ್ತಿಯ ಮಿಂಚು, ಸೂರ್ಯಬಿಂಬ ಮೊದಲಾದವು ಚೆಲ್ಲಿದರೆ ನಷ್ಟವಿಲ್ಲ. ಅಲ್ಲಿ ನೋಡಲು ವಿವರವೇ ಇರುವುದಿಲ್ಲ. ಮೋಡದ ಅಂಚೂ ಗೋಡೆಯ ಬಿಸಿಲುಬದಿಯೂ ಚೆಲ್ಲಬಾರದು.

1995ರಲ್ಲಿ ತೆರೆಕಂಡ 'ಬಾಂಬೆ' ಚಿತ್ರದ ಹಾಡಿನಲ್ಲಿ ಈ ಕೋಟೆಯನ್ನು ಕಂಡವರಿಗೆ ಅಲ್ಲಿನ ಮಳೆಗಾಲದ ಬೂದುಬೆಳಕು ನೆನಪಿರಬಹುದು. ಅಂದಿನದು ಫಿಲ್ಮಿನ ಕಾಲ. ನೆಗೆಟಿವ್ ಫಿಲ್ಮು ಅತಿಬೆಳಕನ್ನು ಮೆಲ್ಲಮೆಲ್ಲನೆ ತಗ್ಗಿಸಿಕೊಳ್ಳುತ್ತಿತ್ತು, ಸಂವೇದಕವಾದರೋ ಒಂದು ಗೆರೆಯಲ್ಲಿ ತಟ್ಟನೆ ಕಡಿದುಬಿಡುತ್ತದೆ. ಮೋಡ ಕವಿದಾಗ ಬಿಸಿಲು ನೆರಳುಗಳ ಅಂತರ ಕುಗ್ಗಿ ಇಡಿಯ ದೃಶ್ಯ ಸಂವೇದಕದ ಅಳವಿಗೆ ಬರುತ್ತದೆಯೆಂಬುದು ಇಂದಿಗೂ ಸಲ್ಲುವ ಪಾಠ. ಬಿಸಿಲಿನ ದಿನ ಹೋಗುವವರು ಹೊತ್ತನ್ನು ಆರಿಸಿಕೊಳ್ಳಬೇಕು. ಬುರುಜಿನಿಂದ ಕಡಲನ್ನು ತೆಗೆಯಲು ಬೆಳಗ್ಗೆ ಸೂರ್ಯ ಬೆನ್ನಿಗಿರುವಾಗ ಅನುಕೂಲ. ಕಡಲ ಕಡೆಯ ಗೋಡೆಯ ಮುಖಕ್ಕೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ.

ಆ ಗೋಡೆಯ ಕಂಡಿಗಳಲ್ಲಿಯೂ ಇದಕ್ಕೊಂದು ಹೋಲಿಕೆ ಸಿಗುತ್ತದೆ. ಮೇಲಿನ ಕಂಡಿ ದೂರದ ಹಗೆಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೆ ಬಂದವನಿಗೆ ಎಂದು ಅವನ್ನು ಅಳವಡಿಸಲಾಗಿದೆ. ಒಂದೇ ಕಂಡಿಯಿಂದ ಎಲ್ಲವನ್ನೂ ಕಾಯಲಾಗದೆಂದು ಕಟ್ಟಿದವರು ಅರಿತಿದ್ದರು. ಒಂದೇ ಚಿತ್ರದಲ್ಲಿ ಅಡಗದ ಬೆಳಕಿಗೂ ಉಪಾಯ ಅದೇ: ಕ್ಯಾಮೆರಾವನ್ನು ಅಲುಗದಂತೆ ಕಟ್ಟೆಯ ಮೇಲಿರಿಸಿ ಮುಗಿಲಿಗೊಂದು, ಗೋಡೆಗೊಂದು, ಸುರಂಗದ ಕತ್ತಲೆಗೊಂದು ಚಿತ್ರ ತೆಗೆದು ಕೂಡಿಸುವುದು. ಮೊಬೈಲಿನ ಎಚ್‌ಡಿಆರ್ ಮಾಡುವುದೂ ಹಲವು ಚಿತ್ರಗಳನ್ನು ಹೀಗೆ ಕೂಡಿಸುವ ಕೆಲಸವನ್ನೇ. ಮೂಲ ಅಂಕೆಗಳ ಹಿಸ್ಟೋಗ್ರಾಮನ್ನು ನೋಡಬಯಸುವ ಮಕ್ಕಳಿಗೆ ರಾಥೆರಪಿ ಎಂಬ ಉಚಿತ ತಂತ್ರಾಂಶವಿದೆ. ಶಾಲೆಯ ಕಂಪ್ಯೂಟರಿನಲ್ಲಿಯೂ ಅದನ್ನು ಹಾಕಿಕೊಳ್ಳಬಹುದು.

ಇಷ್ಟೆಲ್ಲ ಎಚ್ಚರ ಏಕೆಂದು ಕೇಳುವವರಿಗೆ ಗೋಡೆಯೇ ಉತ್ತರ. ಮುರಕಲ್ಲು ಪ್ರತಿ ಮಳೆಗಾಲಕ್ಕೂ ತುಸು ಸವೆಯುತ್ತದೆ. ಪಾಚಿ ಏರುತ್ತದೆ, ಬೇರು ಸಂದಿಗೆ ಇಳಿಯುತ್ತದೆ, ಎಲ್ಲೋ ಒಂದು ಕಲ್ಲು ಜರಿಯುತ್ತದೆ. ಇಪ್ಪತ್ತು ವರ್ಷಗಳ ಬಳಿಕ ಈ ಮೂಲೆ ಹೇಗಿತ್ತು ಎಂದು ಯಾರಾದರೂ ಕೇಳಿದಾಗ, ಏಳನೆಯ ತರಗತಿಯ ಬಾಲಕಿಯೊಬ್ಬಳು ತೆಗೆದಿಟ್ಟ ಚಿತ್ರವೇ ದಾಖಲೆಯಾಗಬಹುದು. ಇದು ಬೇಕಲಕ್ಕೆ ಮಾತ್ರ ಸಲ್ಲುವ ಮಾತಲ್ಲ. ಹಿತ್ತಿಲಿನ ಸುರಂಗ, ಅಜ್ಜನ ಮನೆಯ ಪಡಸಾಲೆ, ಊರ ಗುಡಿಯ ಶಾಸನಗಲ್ಲು, ಹಳೆಯ ಶಾಲೆಯ ಕನ್ನಡ ಹಲಗೆ ಇವೆಲ್ಲವೂ ಮಾಸುತ್ತಿರುವ ವಸ್ತುಗಳೇ. ನೆರಳಿನಲ್ಲಿ ಅಡಗಿದ ಅಕ್ಷರವನ್ನು ರಾ ಫೈಲಿನಿಂದ ನಾಳೆ ತುಸುವಾದರೂ ಮೇಲೆತ್ತಬಹುದು. ತುಂಬಿ ಚೆಲ್ಲಿಹೋದ ಬೆಳಕಿನಲ್ಲಿ ಅಳಿದ ಅಕ್ಷರ ಮರಳಿ ಬರುವುದಿಲ್ಲ. ಮೂಲ ಫೈಲನ್ನು ಅಳಿಸದೆ, ತೆಗೆದ ದಿನವನ್ನೂ ಸ್ಥಳವನ್ನೂ ಕನ್ನಡದಲ್ಲಿಯೇ ಬರೆದು, ಎರಡು ಕಡೆ ಇರಿಸಿದರೆ ಪ್ರವಾಸದ ಒಂದು ದಿನ ಊರಿನ ಚರಿತ್ರೆಗೆ ಸೇರಿದಂತಾಗುತ್ತದೆ.