ಕೈಮದುಂಡೆಯೊಳಗಿನ ಹುರಿಗಡಲೆ

ಪಾಶ್ಚಾತ್ಯ ಅಡುಗೆ ಪುಸ್ತಕಗಳಲ್ಲಿ ಮೀಟ್‌ಲೋಫ್ ಎಂಬ ಹೆಸರು ಎದುರಾದಾಗಲೆಲ್ಲ ಹಳೆಯ ಮೈಸೂರು ಸೀಮೆಯವರಿಗೆ ಕೈಮದುಂಡೆಯ ಸಾರು ನೆನಪಾಗದೆ ಇರದು. ಕೊಚ್ಚಿದ ಮಾಂಸಕ್ಕೆ ಬ್ರೆಡ್ಡಿನ ಪುಡಿ, ಮೊಟ್ಟೆ, ಈರುಳ್ಳಿ ಬೆರೆಸಿ, ಇಟ್ಟಿಗೆಯಾಕಾರಕ್ಕೆ ಒತ್ತಿ ಬೇಯಿಸುವ ಆ ತಿನಿಸು, 1929ರ ಬಳಿಕದ ಆರ್ಥಿಕ ಮುಗ್ಗಟ್ಟಿನಲ್ಲಿ ಇದ್ದಷ್ಟು ಮಾಂಸವನ್ನು ಮನೆಮಂದಿಗೆಲ್ಲ ಸಾಲುವಂತೆ ಮಾಡುವ ಉಪಾಯವಾಗಿ ಅಮೆರಿಕದ ಮನೆಗಳಲ್ಲಿ ಬೇರೂರಿತು. ಉಪಾಯ ಮಾತ್ರ ಬಹಳ ಹಳೆಯದು. ಅಪಿಸಿಯಸ್‌ನ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ನರ ಪಾಕಸಂಗ್ರಹದಲ್ಲಿಯೂ ದ್ರಾಕ್ಷಾರಸದಲ್ಲಿ ನೆನೆಸಿದ ಬ್ರೆಡ್ಡನ್ನು ಕೊಚ್ಚಿದ ಮಾಂಸಕ್ಕೆ ಸೇರಿಸುವ ಕ್ರಮವಿದೆ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆ ಬ್ರೆಡ್ಡಿನ ಜಾಗದಲ್ಲಿ ಹುರಿಗಡಲೆ ಕುಳಿತಿದೆ.

ಈ ಹುರಿಗಡಲೆಯ ದಾರಿಯನ್ನು ಹಿಡಿದು ಹೊರಟರೆ, ವಿಚಿತ್ರವೆನಿಸಿದರೂ, ಅದು ದೇವಸ್ಥಾನದ ಮುಂದೆ ಹೋಗಿ ನಿಲ್ಲುತ್ತದೆ. ಯುಗಾದಿಯ ಆಸುಪಾಸಿನಲ್ಲಿ ನಂಜುಂಡೇಶ್ವರನ ದೊಡ್ಡ ಜಾತ್ರೆ ನಡೆದು ಐದು ರಥಗಳು ಬೀದಿಗಿಳಿದಾಗ, ಕಪಿಲೆಯಲ್ಲಿ ಮಿಂದು ತೇರಿಗೆ ಹಣ್ಣು ಜವನ ಎಸೆದವರು ಮನೆಗೆ ಒಯ್ಯುವುದು ಪುರಿ, ಬೆಂಡು ಬತ್ತಾಸು ಮತ್ತು ಹುರಿಗಡಲೆಯನ್ನು. ಯುಗಾದಿಯ ಮರುದಿನ ಬರುವ ಹೊಸತೊಡಕು, ಅಂದರೆ ಬೇವುಬೆಲ್ಲದ ಸಾತ್ವಿಕ ಹಬ್ಬದ ಬೆನ್ನಿಗೇ ಬಾಡೂಟ ಮಾಡುವ ದಿನ, ಅಂಥದೇ ಹುರಿಗಡಲೆ ಪುಡಿಯಾಗಿ ಕೈಮದೊಳಗೆ ಸೇರಿದರೆ ಈ ಸೀಮೆಯಲ್ಲಿ ಯಾರಿಗೂ ಅದರಲ್ಲಿ ವಿರೋಧ ಕಾಣುವುದಿಲ್ಲ.

ಗ್ರಂಥಗಳು ಈ ಉಂಡೆಯ ವಿಷಯದಲ್ಲಿ ಅಷ್ಟು ಉದಾರವಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸವು ಅನ್ನಭೋಗವೆಂಬ ಭಾಗದಲ್ಲಿ ಮಾಂಸದ ಪಾಕಗಳನ್ನು ಸಂಕೋಚವಿಲ್ಲದೆ ವಿವರಿಸುತ್ತದೆ. ಆದರೆ ಇದೇ ಮೈಸೂರು ಜಿಲ್ಲೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ಸೂಪಶಾಸ್ತ್ರವನ್ನು ಬರೆದಾಗ, ಜೈನನಾದ ಆತ ಮಾಂಸವನ್ನು ಪೂರ್ತಿ ಬಿಟ್ಟ. ಹೀಗಾಗಿ ಕೈಮದುಂಡೆಯ ಶಾಸ್ತ್ರ ಅಡುಗೆಮನೆಯ ಹೆಂಗಸರ ಕೈಯಲ್ಲಿಯೇ ಉಳಿಯಿತು, ಅದರಿಂದ ಅದು ಕೆಟ್ಟಿತೆಂದು ಹೇಳಲಾಗದು.

ಆ ಶಾಸ್ತ್ರದ ಸಾರವೆಲ್ಲ ಒಂದು ಪರೀಕ್ಷೆಯಲ್ಲಿದೆ. ಕೈಮ, ಎಂದರೆ ಮೂಳೆ ತೆಗೆದು ಮಚ್ಚಿನಿಂದ ಸಣ್ಣಗೆ ಕೊಚ್ಚಿದ ಮಾಂಸವನ್ನು ತೊಳೆದು ನೀರು ಹಿಂಡಿ, ತೆಂಗಿನಕಾಯಿ, ಗಸಗಸೆ, ಚಕ್ಕೆ ಲವಂಗ, ಹಸಿಮೆಣಸಿನಕಾಯಿ, ಶುಂಠಿ ಬೆಳ್ಳುಳ್ಳಿ, ಹುರಿಗಡಲೆಗಳೊಡನೆ ರುಬ್ಬಿ, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದ ಮೇಲೆ, ಮೊದಲು ಒಂದೇ ಒಂದು ಉಂಡೆಯನ್ನು ಕುದಿಯುವ ಸಾರಿಗೆ ಬಿಡುತ್ತಾರೆ. ಅದು ಒಡೆದರೆ ಇನ್ನಷ್ಟು ಹುರಿಗಡಲೆಪುಡಿ ಬೇಕು. ನಿಂತರೆ ಉಳಿದವು ಒಂದೊಂದಾಗಿ ಇಳಿಯುತ್ತವೆ. ಉಂಡೆ ಗಟ್ಟಿಯಾಗುವವರೆಗೆ ಸೌಟು ಪಾತ್ರೆಯ ಹತ್ತಿರ ಸುಳಿಯಕೂಡದು, ಕದಡಲೇಬೇಕೆನಿಸಿದರೆ ಮಸಿಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಅಲುಗಿಸಬೇಕು. ಕಡಲೆಯ ಹಿಟ್ಟು ಮಾಂಸದಿಂದ ಬಿಡುವ ರಸವನ್ನೂ ಕರಗುವ ಕೊಬ್ಬನ್ನೂ ಹೀರಿ ಹಿಡಿದುಕೊಳ್ಳುವುದರಿಂದಲೇ ಉಂಡೆ ಮೆತ್ತಗಾಗುತ್ತದೆ. ಬರೀ ಮಾಂಸದ್ದಾದರೆ ಅದು ಗೋಲಿಯಂತೆ ಬಿರುಸಾಗುವುದು.

ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರಿನಿಂದಲೂ ಮಳವಳ್ಳಿ ಕಡೆಯ ಬಂಡೂರಿನ ಹೆಸರಿನಿಂದಲೂ ಕರೆಸಿಕೊಳ್ಳುವ, ಗಿಡ್ಡ ಕಾಲಿನ, ದುಂಡು ಮೈಯ ಕುರಿ ಮಾಂಸದ ರುಚಿಗೆ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದ್ದು, ಅಂಥ ಮಾಂಸ ಕೈಗೆ ಸಿಕ್ಕಾಗ ಹುರಿಗಡಲೆಯನ್ನು ಕಡಿಮೆ ಮಾಡಿ ಅದ್ಧೂರಿತನ ತೋರಲು ಹೊರಡುವವರುಂಟು. ಬಡತನಕ್ಕೆಂದು ಸೇರಿದ ಪದಾರ್ಥ ಸಿರಿತನ ಬಂದ ಮೇಲೂ ಬಿಟ್ಟುಹೋಗದ ಕಾರಣ ಅವರ ಒಡೆದ ಉಂಡೆಗಳಲ್ಲಿಯೇ ತಿಳಿಯುತ್ತದೆ. ರಾಗಿಮುದ್ದೆಯೊಡನೆ ಅಂದಿನ ಊಟ ಮುಗಿದರೂ, ರಾತ್ರಿಯಿಡೀ ಸಾರು ಕುಡಿದ ಉಂಡೆ ಮಾರನೆಯ ಬೆಳಗ್ಗೆ ಅಕ್ಕಿರೊಟ್ಟಿಗೆ ಇನ್ನೂ ಒಳ್ಳೆಯದೆಂಬುದು ಬಲ್ಲವರ ಮತವಾಗಿದ್ದು, ಉಳಿಯುವುದೇ ಕಷ್ಟವಾದ್ದರಿಂದ ಬಡಿಸುವ ಮುಂಚೆಯೇ ಐದಾರನ್ನು ಬೇರೆ ಪಾತ್ರೆಗೆ ಎತ್ತಿಟ್ಟು, ಕೇಳಿದವರಿಗೆ ಎಲ್ಲವೂ ಮುಗಿಯಿತೆಂದು ಹೇಳುವುದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ.