ತಂಗಿಯೊಡನೆ ಹಂಪೆಗೆ

ಹಂಪೆಯನ್ನು ಕುರಿತು ಬರೆದವರು ಬಹು ಮಂದಿ. ವಿರೂಪಾಕ್ಷನ ಗೋಪುರವನ್ನೂ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೂ ಅವರು ನನಗಿಂತ ಸೊಗಸಾಗಿ ವರ್ಣಿಸಿರುವರು. ನಾನು ಹೇಳಹೊರಟಿರುವುದು ಅಲ್ಲಿ ಶೌಚಗೃಹವನ್ನು ಹುಡುಕಿಕೊಂಡು ಅಲೆದ ವೃತ್ತಾಂತ. ವಾಚಕರು ಮೂಗು ಮುರಿಯದೆ ಕೇಳಬೇಕು.

ನನ್ನ ತಂಗಿಗೆ ಬೃಹದಂತ್ರದ ಒಳಪೊರೆಯು ಉರಿಯೂತದಿಂದ ಕೆರಳಿ ಹುಣ್ಣಾಗುವ ವ್ಯಾಧಿ. ವೈದ್ಯರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಇದರ ಬಳಗದ ಇನ್ನೊಂದು ರೋಗವು ಬಾಯಿಂದ ಗುದದವರೆಗೆ ಎಲ್ಲಿಯಾದರೂ ತಲೆದೋರಬಹುದು. 1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಎಂಬ ವೈದ್ಯರು ಇಬ್ಬರು ಸಹೋದ್ಯೋಗಿಗಳೊಡನೆ ಅದನ್ನು ವಿವರಿಸಿದುದರಿಂದ ಅದಕ್ಕೆ ಅವರದೇ ಹೆಸರು. ಎರಡೂ ಅಂಟುರೋಗಗಳಲ್ಲ. ಔಷಧದಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಡಗಿರಬಹುದು. ಒಂದು ದಿನ ಮತ್ತೆ ಕೆರಳಬಹುದು. ಆಗ ರಕ್ತಮಿಶ್ರಿತ ಭೇದಿ, ಹೊಟ್ಟೆ ಹಿಂಡುವ ನೋವು, ಮೈಯೆಲ್ಲ ಸೋತಂಥ ಆಯಾಸ. ಎಲ್ಲಕ್ಕಿಂತ ಮಿಗಿಲಾಗಿ, ತಡೆಯಲಾಗದ ಅವಸರ. ಹೊರಗಿನವರ ಕಣ್ಣಿಗೆ ಇದೊಂದೂ ಕಾಣದು. "ಕಂಡದ್ದೆಲ್ಲ ತಿಂದಿರಬೇಕು" ಎಂದು ನೆಂಟರು ತೀರ್ಪು ಕೊಟ್ಟುಬಿಡುತ್ತಾರೆ. ಆ ಮಾತಿಗೂ ಆ ಅವಸರಕ್ಕೂ ಅಂಜಿ ಅವಳು ಎರಡು ವರ್ಷ ಒಂದು ಮದುವೆಗೂ ಹೋಗಲಿಲ್ಲ.

ಹಂಪೆಗೆ ಹೋಗೋಣವೆಂದಾಗ, "ಬಸ್ಸು ಬೇಡಣ್ಣ, ರೈಲಾದರೆ ಬರುತ್ತೇನೆ" ಎಂದಳು. ಕಾರಣವನ್ನು ಕೇಳುವಷ್ಟು ದಡ್ಡನಲ್ಲ ನಾನು. ಸಂಜೆ ಮೈಸೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ಸು ಹತ್ತಿದೆವು. ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಅವಳು ಮುಟ್ಟಲಿಲ್ಲ. ಪಯಣದಲ್ಲಿ ಉಪವಾಸವಿರುವುದು ಅವಳು ತಾನಾಗಿ ಕಂಡುಕೊಂಡ ಕಾಪು.

ಬೆಳಿಗ್ಗೆ ಹೊಸಪೇಟೆಯಲ್ಲಿಳಿದು ಹಂಪೆ ಸೇರಿದೆವು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಊರು. ನನ್ನ ಕಣ್ಣು ಗೋಪುರದ ಮೇಲಿದ್ದರೆ ಅವಳದು ಬೀದಿಯ ಫಲಕಗಳ ಮೇಲೆ. ಹೊಳೆಯ ದಂಡೆ ಹಿಡಿದು ವಿಠ್ಠಲ ದೇವಾಲಯದತ್ತ ನಡೆದೆವು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಬೆಟ್ಟದ ಬಂಡೆಗಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಂಗಿ ತಟ್ಟನೆ ನಿಂತಳು. ಮುಖ ಬಿಳಿಚಿತ್ತು. "ಅಣ್ಣಾ, ಹಿಂದಕ್ಕೆ ಹೋಗೋಣ."

ನಡೆದೆವೆನ್ನಲಾರೆ, ಓಡಿದೆವು. ಬೀದಿಯ ಹಿಂದಣ ಮನೆಯೊಂದರ ಜಗಲಿಯಲ್ಲಿ ಮುದುಕಿಯೊಬ್ಬಳು ಅಕ್ಕಿ ಆರಿಸುತ್ತಿದ್ದಳು. ತಂಗಿಯ ಮುಖ ನೋಡಿದವಳೇ ಮೊರವನ್ನು ಪಕ್ಕಕ್ಕಿಟ್ಟು, "ಬಾರವ್ವ, ಹಿತ್ತಲಾಗ ಐತಿ" ಎಂದು ಕೈಹಿಡಿದು ಒಳಗೆ ಕರೆದೊಯ್ದಳು. ಯಾರು, ಎಲ್ಲಿಯವರು, ಏನಾಯಿತು, ಒಂದೂ ಕೇಳಲಿಲ್ಲ. ತಂಗಿ ಹೊರಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಮುದುಕಿ ಒಂದು ಲೋಟ ಮಜ್ಜಿಗೆ ಕೊಟ್ಟು ಮತ್ತೆ ಮೊರದ ಮುಂದೆ ಕುಳಿತಳು.

ಅಲ್ಲಿಂದ ಹಿಂದಿರುಗಿಬಿಡೋಣವೆಂದು ನಾನಂದೆ. ತಂಗಿ ಒಪ್ಪಲಿಲ್ಲ. ಮಧ್ಯಾಹ್ನ ಆಟೋ ಹಿಡಿದು ರಸ್ತೆಯ ದಾರಿಯಿಂದ ಹೋದೆವು. ಕಲ್ಲಿನ ರಥದ ಚಕ್ರವನ್ನು ಅವಳು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಆ ಹೊತ್ತಿನಲ್ಲಿ ಒಮ್ಮೆಯೂ ಅವಳ ಕಣ್ಣು ಫಲಕಗಳನ್ನು ಹುಡುಕಲಿಲ್ಲ.

ರಾತ್ರಿ ಹೊಸಪೇಟೆಯ ನಿಲ್ದಾಣದಲ್ಲಿ ರೈಲಿಗಾಗಿ ಕುಳಿತಿದ್ದಾಗ, ಮೊಸರನ್ನದ ಪೊಟ್ಟಣವನ್ನು ಅವಳೇ ಬಿಚ್ಚಿದಳು. ಅರ್ಧ ತಿಂದು ಉಳಿದುದನ್ನು ನನ್ನತ್ತ ಸರಿಸಿ, "ಬಾದಾಮಿಗೂ ರೈಲಿದೆಯಲ್ಲವೇ ಅಣ್ಣಾ?" ಎಂದು ಕೇಳಿದಳು.