ಇಪ್ಪತ್ತೆರಡು ಅಂಗುಲದ ಬೆಲ್ಟು

ಯಂತ್ರದ ಅಂಗಗಳಲ್ಲಿ ಎರಡು ಜಾತಿ. ಒಂದು, ಕಬ್ಬಿಣ ಉಕ್ಕುಗಳವು. ತಯಾರಿಸಿದವರ ಹೆಸರನ್ನು ಎದೆಯ ಮೇಲೆ ಉಬ್ಬಿಸಿಕೊಂಡು ಠೀವಿಯಿಂದ ನಿಂತಿರುವವು. ಇನ್ನೊಂದು, ತೊಗಲು, ನೂಲು, ರಬ್ಬರುಗಳವು. ಇವಕ್ಕೆ ಹೆಸರೂ ಇಲ್ಲ, ಠೀವಿಯೂ ಇಲ್ಲ. ಯಂತ್ರ ಕೊಳ್ಳುವಾಗ ನಾವೆಲ್ಲ ಮೊದಲನೆಯ ಜಾತಿಯನ್ನೇ ತಟ್ಟಿ ನೋಡುತ್ತೇವೆ. ಆದರೆ ಯಂತ್ರ ನಿಲ್ಲುವುದು ಬಹುಮಟ್ಟಿಗೆ ಎರಡನೆಯ ಜಾತಿಯಿಂದ. ಹೊಲಿಗೆ ಯಂತ್ರದ ತೊಗಲಿನ ಹುರಿ ಹರಿದು ಹಬ್ಬದ ಮುನ್ನಾದಿನ ರವಿಕೆ ಅರ್ಧಕ್ಕೇ ನಿಂತುಹೋದ ಅನುಭವ ಯಾವ ಸಂಸಾರಕ್ಕಿಲ್ಲ? ಗಿರಣಿಯವನು "ಬೆಲ್ಟು ಕಿತ್ತಿದೆ, ನಾಳೆ ಬನ್ನಿ" ಎಂದಾಗ ಗೋಧಿಯ ಡಬ್ಬಿಯನ್ನು ಹೊತ್ತು ಹಿಂದಿರುಗದವರು ಯಾರು? ಮನುಷ್ಯನಲ್ಲಿಯೂ ಅಷ್ಟೇ ಎಂದು ವೈದ್ಯರು ಹೇಳುತ್ತಾರೆ: ಎಲುಬು ನೂರು ವರ್ಷಕ್ಕೆ ಸಾಲುವಂತಿರುತ್ತದೆ, ಕೈಕೊಡುವುದು ನಡುವಣ ಮೆತ್ತೆ.

ನನ್ನ ಬಳಿ ಇರುವುದು ಗಿರಣಿಯಲ್ಲ, ಅಕ್ಷರ ಕೆತ್ತುವ ಯಂತ್ರ. ಇಂಗ್ಲೆಂಡಿನ ಲೆಸ್ಟರ್ ಊರಿನ ಟೇಲರ್-ಹಾಬ್ಸನ್ ಕಂಪೆನಿಯದು. ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದ ನಮ್ಮ ತಂದೆಯವರು ಇದನ್ನು 1974ರಲ್ಲಿ ಹಳೆಯ ಸಾಮಾನಿನ ಹರಾಜಿನಲ್ಲಿ ಕೊಂಡು ಜಟಕಾ ಗಾಡಿಯಲ್ಲಿ ಮನೆಗೆ ತಂದರು. "ಹಾಲು ಕೊಡುವ ಎಮ್ಮೆ ತರುತ್ತೀರೆಂದುಕೊಂಡಿದ್ದೆ, ಕಬ್ಬಿಣದ್ದು ತಂದಿರಿ" ಎಂದು ತಾಯಿ ಅಂದರಂತೆ. ಎಮ್ಮೆ ಹಿತ್ತಿಲ ಕೊಠಡಿಯಲ್ಲಿ ನಿಂತಿತು. ನಾವು ಓದಿ ನೌಕರಿ ಹಿಡಿಯುವವರೆಗೂ ತಕ್ಕಮಟ್ಟಿಗೆ ಹಾಲನ್ನೂ ಕೊಟ್ಟಿತು.

ಈ ಯಂತ್ರದ ಮೂಲ ಬಹಳ ಹಿಂದಿನದು. ಜರ್ಮನಿಯ ಕ್ರಿಸ್ಟೋಫ್ ಶೈನರ್ ಎಂಬ ಪಾದ್ರಿ 1603ರಲ್ಲಿ ನಾಲ್ಕು ಪಟ್ಟಿಗಳನ್ನು ಕೀಲುಗಳಿಂದ ಜೋಡಿಸಿ, ಒಂದು ತುದಿಯಲ್ಲಿ ಚಿತ್ರದ ಗೆರೆಯನ್ನು ಅನುಸರಿಸಿದರೆ ಇನ್ನೊಂದು ತುದಿ ಅದೇ ಚಿತ್ರವನ್ನು ಬೇರೆ ಅಳತೆಯಲ್ಲಿ ಬರೆಯುವ ಉಪಾಯವನ್ನು ಕಂಡುಹಿಡಿದನು. ಅದೇ ಪ್ಯಾಂಟೋಗ್ರಾಫ್. ಬರೆಯುವ ತುದಿಗೆ ಸೀಸದ ಕಡ್ಡಿಯ ಬದಲು ಗಿರ್ರನೆ ತಿರುಗುವ ಉಳಿಯನ್ನು ಕಟ್ಟಿದರೆ ಕೆತ್ತನೆಯ ಯಂತ್ರವಾಯಿತು. ಅಮೆರಿಕದ ಬೆಂಟನ್ ಎಂಬಾತ 1885ರಲ್ಲಿ ಇದೇ ತತ್ತ್ವದ ಮೇಲೆ ಅಚ್ಚಿನ ಮೊಳೆಗಳಿಗೆ ಮೂಲವಾದ ಪಡಿಯಚ್ಚುಗಳನ್ನು ಕೊರೆಯುವ ಯಂತ್ರಕ್ಕೆ ಪೇಟೆಂಟು ಪಡೆದನು. ಲೆಸ್ಟರಿನ ಟೇಲರ್ ಸಹೋದರರು 1886ರಲ್ಲಿ ಕಂಪೆನಿ ತೆರೆದದ್ದು ಕ್ಯಾಮರಾ ಮಸೂರಗಳಿಗಾಗಿ. ಮಸೂರದ ಉಂಗುರಗಳ ಮೇಲೆ ಅಂಕಿ ಅಕ್ಷರಗಳನ್ನು ಕೆತ್ತಬೇಕಾಯಿತು. ತಮಗಾಗಿ ಮಾಡಿಕೊಂಡ ಯಂತ್ರವನ್ನು ಊರವರಿಗೂ ಮಾರತೊಡಗಿದರು. ಆ ಸಹೋದರರಲ್ಲಿ ಒಬ್ಬನಾದ ವಿಲಿಯಂ ಟೇಲರನೇ ಗಾಲ್ಫ್ ಚೆಂಡಿಗೆ ಇಂದು ಕಾಣುವ ಗುಳಿಗಳನ್ನು ಕೊಟ್ಟವನು ಎಂದರೆ ಗಾಲ್ಫ್ ಆಡುವ ನನ್ನ ಸ್ನೇಹಿತರು ನಂಬುವುದಿಲ್ಲ. ಗುಳಿ ತೋಡುವುದರಲ್ಲಿ ಆತನಿಗೆ ಅಷ್ಟು ಪ್ರೀತಿ.

ಪ್ಯಾಂಟೋಗ್ರಾಫಿನ ದೊಡ್ಡ ಗುಣ ಅದರ ಕ್ಷಮೆ. ಎರಡು ಅಂಗುಲದ ಮಾದರಿ ಅಕ್ಷರವನ್ನು ನಾಲ್ಕಕ್ಕೆ ಒಂದರಂತೆ ಇಳಿಸಿ ಅರ್ಧ ಅಂಗುಲಕ್ಕೆ ತಂದರೆ, ಮಾದರಿಯಲ್ಲಿ ಇದ್ದ ಓರೆಕೋರೆಯೂ ನಾಲ್ಕರಲ್ಲಿ ಒಂದಾಗುತ್ತದೆ. ಕೈ ನಡುಗಿದರೂ ಕೆತ್ತನೆಯಲ್ಲಿ ಅದರ ಕಾಲುಪಾಲು ಮಾತ್ರ ಕಾಣುತ್ತದೆ. ಆದರೆ ಈ ಕ್ಷಮೆ ಕೈಗೆ ಮಾತ್ರ, ಬೆಲ್ಟಿಗೆ ಇಲ್ಲ. ಬೆಲ್ಟು ನಡುಗಿದರೆ ಆ ನಡುಕ ನೇರವಾಗಿ ಉಳಿಯ ತುದಿಗೇ ಬರುತ್ತದೆ. ಇಳಿಸುವ ಕೀಲುಗಳ ದಾರಿಯಲ್ಲಿ ಅದು ಬರುವುದೇ ಇಲ್ಲ. ಹಿತ್ತಾಳೆಯಲ್ಲಿ ಕಾಣುವುದು ಪೂರಾ ನಡುಕ. ಇಂಥ ಯಂತ್ರಕ್ಕೆ ಬೆಲ್ಟು ಹುಡುಕುವುದು ಗಿರಣಿಗೆ ಹುಡುಕಿದಷ್ಟು ಸುಲಭವಲ್ಲ ಎಂಬುದಕ್ಕೆ ಕಾರಣ ಇದೇ.

ಯಂತ್ರದೊಡನೆ ಒಂದು ಪೆಟ್ಟಿಗೆಯಲ್ಲಿ ಬಂದದ್ದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು, ಹತ್ತು ಅಂಕಿಗಳು. ಕನ್ನಡದ ಅಕ್ಷರ ಯಾವ ಲೆಸ್ಟರಿನವರು ಮಾಡಿಕೊಡಬೇಕು? ತಂದೆಯವರು ತಾವೇ ಕುಳಿತರು. ಎಂಟು ಅಂಗುಲದ ಅಕ್ಷರಗಳನ್ನು ಕಾಗದದ ಮೇಲೆ ಬರೆದು, ಸತುವಿನ ತಗಡಿನಲ್ಲಿ ಕೊರೆದು, ಅರ ಹಾಕಿ ನಯಮಾಡಿ, ಅದೇ ಯಂತ್ರದಲ್ಲಿ ಎರಡು ಅಂಗುಲದ ಹಿತ್ತಾಳೆಯ ಮಾದರಿಗೆ ಇಳಿಸಿದರು. ನಮ್ಮ ಲಿಪಿಯ ಸಂಸಾರ ದೊಡ್ಡದು: ನಲವತ್ತೊಂಬತ್ತು ಅಕ್ಷರಗಳೆಂದು ಶಾಲೆಯಲ್ಲಿ ಕಲಿಸಿದರೂ ತಲಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ, ವಟ್ರಸುಳಿ, ಮೇಲಾಗಿ ಒಂದೊಂದು ವ್ಯಂಜನಕ್ಕೂ ಒಂದೊಂದು ಒತ್ತು. ಎಲ್ಲವನ್ನೂ ಬಿಡಿಬಿಡಿಯಾಗಿ ಮಾಡಿ, ಬೇಕಾದಾಗ ಪಕ್ಕಕ್ಕೆ, ಕೆಳಕ್ಕೆ ಜೋಡಿಸಿಕೊಳ್ಳುವ ಏರ್ಪಾಡು ಮಾಡಿದರು. ಈ ಕೆಲಸಕ್ಕೆ ಎರಡು ವರ್ಷದ ಭಾನುವಾರಗಳು ಹಿಡಿದುವು. ಅವರ 'ಳ' ಕೊಂಚ ಹೊಟ್ಟೆ ಬಾಕ. 'ಶ್ರೀ' ಮಾತ್ರ ಮದುವೆಯ ಚಪ್ಪರದಂತೆ ವಿಶಾಲ. ಅಚ್ಚುಕೂಟದ ಯಾವ ಅಕ್ಷರಕ್ಕೂ ಅದನ್ನು ಹೋಲಿಸಲಾಗದು. ಮಲ್ಲೇಶ್ವರದ ನಾಲ್ಕಾರು ರಸ್ತೆಗಳಲ್ಲಿ ಒಂದು ಕಾಲಕ್ಕೆ ಬಾಗಿಲುಬಾಗಿಲಿಗೂ ಆ ಅಕ್ಷರ ಇತ್ತು. ಅವರು 1998ರಲ್ಲಿ ತೀರಿಕೊಂಡ ಮೇಲೆ ಬ್ಯಾಂಕಿನ ಲೆಕ್ಕ ಬರೆಯುತ್ತಿದ್ದ ನಾನು, ಬಿಡುವಾದಾಗ ಪರಿಚಿತರಿಗೆ ಒಂದೆರಡು ಫಲಕ ಮಾಡಿಕೊಡುತ್ತ ಯಂತ್ರಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಂಡು ಬಂದೆ.

2022ರ ಚಳಿಗಾಲದಲ್ಲಿ ಬೆಲ್ಟು ಹರಿಯಿತು. ಹರಿದದ್ದು ಬೇರೆ ಸಮಯದಲ್ಲಾದರೆ ಚಿಂತೆಯಿರಲಿಲ್ಲ. ಅದರ ಹಿಂದಿನ ವಾರವಷ್ಟೇ ಪಕ್ಕದ ರಸ್ತೆಯ ವೃದ್ಧ ತಾಯಿಯೊಬ್ಬರು ಸೆರಗಿನಲ್ಲಿ ಸುತ್ತಿಕೊಂಡು ಒಂದು ಹಿತ್ತಾಳೆಯ ಫಲಕ ತಂದಿದ್ದರು. ಅವರ ಯಜಮಾನರ ಹೆಸರು, ಕೆಳಗೆ ವಕೀಲರು ಎಂದು. 1976ರಲ್ಲಿ ನಮ್ಮ ತಂದೆ ಕೆತ್ತಿದ್ದು. ಯಜಮಾನರು ಹೋಗಿ ಮೂರು ವರ್ಷವಾಗಿತ್ತು. ಮನೆ ಮಾರಾಟವಾಗಿ, ಯುಗಾದಿಯೊಳಗೆ ಬಿಟ್ಟುಕೊಡಬೇಕಾಗಿತ್ತು; ಆಕೆ ಸಣ್ಣದೊಂದು ಫ್ಲ್ಯಾಟಿಗೆ ಒಬ್ಬರೇ ಹೋಗುವವರು. ಫಲಕದ ಕೆಳಗೆ ಖಾಲಿ ಇದ್ದ ಜಾಗವನ್ನು ಬೆರಳಿನಿಂದ ತೋರಿಸಿ, "ಇಲ್ಲಿ ನನ್ನ ಹೆಸರು ಬರಲಿ. ಐವತ್ತು ವರ್ಷ ಆ ಬಾಗಿಲು ತೆರೆದವಳು ನಾನಲ್ಲವೆ?" ಎಂದರು. ಸ್ವಲ್ಪ ತಡೆದು, "ಅಕ್ಷರ ಇದೇ ಇರಬೇಕು" ಎಂದರು.

ಲೇಸರಿನಿಂದ ಕೆತ್ತುವ ಅಂಗಡಿಗಳು ಈಗ ಬೇಕಾದಷ್ಟಿವೆ. ಹತ್ತು ನಿಮಿಷದ ಕೆಲಸ, ದರವೂ ಕಡಿಮೆ. ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅವರ ಕಂಪ್ಯೂಟರಿನಲ್ಲಿ ಇರುವುದು ಅವರ ಅಕ್ಷರ. ಫಲಕವನ್ನೇ ನೋಡಿ ನಕಲು ಮಾಡೋಣವೆಂದರೆ ಆಕೆಯ ಹೆಸರಿನ ಅಕ್ಷರಗಳು ಯಜಮಾನರ ಹೆಸರಿನಲ್ಲಿ ಇರಲಿಲ್ಲ. ಇದ್ದದ್ದು ನಮ್ಮ ಹಿತ್ತಿಲಿನ ಪೆಟ್ಟಿಗೆಯಲ್ಲಿ ಮಾತ್ರ. ಪೆಟ್ಟಿಗೆಯ ಬಾಯಿ ಬೆಲ್ಟು.

ಹರಿದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಎಸ್.ಜೆ.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಮೋಟಾರು, ಪಂಪು, ಬೇರಿಂಗು, ಬೆಲ್ಟು ಏನು ಬೇಕಾದರೂ ಮೊದಲು ವಿಚಾರಿಸಬೇಕಾದ ಬೀದಿ ಅದು. ಅಲ್ಲಿಯ ಸಂಪ್ರದಾಯವೇ ಬೇರೆ. ನೀವು ಬಾಯಿ ತೆರೆಯುವ ಮೊದಲೇ "ನಂಬರ್ ಎಷ್ಟು?" ಎನ್ನುತ್ತಾರೆ. ಎ-26 ಎಂದರೆ ಎ ಜಾತಿಯ, ಒಳಸುತ್ತು ಇಪ್ಪತ್ತಾರು ಅಂಗುಲದ ವಿ-ಬೆಲ್ಟು. ಕಣ್ಣು ಮುಚ್ಚಿ ಎಳೆದುಕೊಡುತ್ತಾರೆ. ನನ್ನದಕ್ಕೆ ನಂಬರೇ ಇಲ್ಲ. ಪೆನ್ಸಿಲಿನಷ್ಟೂ ದಪ್ಪವಿಲ್ಲದ, ಐದು ಮಿಲಿಮೀಟರಿನ ದುಂಡನೆಯ ಹುರಿ. ನಂಬರಿಲ್ಲದವನನ್ನು ರೇಷನ್ ಕಾರ್ಡಿಲ್ಲದವನನ್ನು ನೋಡಿದಂತೆ ನೋಡಿದರು. ಪರದೇಶದ ಮಾರಾಟಗಾರನೊಬ್ಬನಿಗೆ ಬರೆದು ಕೇಳಿದ್ದೂ ಆಯಿತು. ಆತ ತಿಳಿಸಿದ ಬೆಲೆ, ಅಂಚೆವೆಚ್ಚಗಳು ಸೇರಿ ತಂದೆಯವರು ಹರಾಜಿನಲ್ಲಿ ಇಡೀ ಯಂತ್ರಕ್ಕೆ ಕೊಟ್ಟದ್ದನ್ನು ಮೀರಿಸಿದ್ದವು.

ಮೊದಲು ಹೊಲಿಗೆ ಯಂತ್ರದ ತೊಗಲಿನ ಹುರಿಯನ್ನೇ ಹಾಕಿ ನೋಡಿದೆ. ದಪ್ಪ ಸರಿಯಾಗಿಯೇ ಇತ್ತು. ಆದರೆ ಅದನ್ನು ಜೋಡಿಸುವುದು ಒಂದು ತಂತಿಯ ಕೊಂಡಿಯಿಂದ. ಕಾಲಿನಿಂದ ತುಳಿಯುವ ಯಂತ್ರಕ್ಕೆ ಕೊಂಡಿ ಲೆಕ್ಕಕ್ಕಿಲ್ಲ. ನನ್ನ ಮೋಟಾರು ನಿಮಿಷಕ್ಕೆ 2,800 ಸುತ್ತು ತಿರುಗುತ್ತದೆ; ಅದರ ಗಾಲಿ 60 ಮಿಲಿಮೀಟರು ಅಗಲ. ಬೆಲ್ಟು ಸೆಕೆಂಡಿಗೆ ಸುಮಾರು ಒಂಬತ್ತು ಮೀಟರು ಓಡಿ, ಕೊಂಡಿ ಒಂದೊಂದು ಗಾಲಿಯನ್ನೂ ಸೆಕೆಂಡಿಗೆ ಹದಿನೈದು ಹದಿನಾರು ಸಲ ಗುದ್ದುತ್ತದೆ. ಉಳಿ ಸೆಕೆಂಡಿಗೆ ಐದು ಮಿಲಿಮೀಟರು ಸಾಗಿದರೆ ಮಿಲಿಮೀಟರಿಗೆ ಮೂರು ಗುದ್ದು. ರದ್ದಿ ತಗಡಿನ ಮೇಲೆ ಕೆತ್ತಿ ನೋಡಿದಾಗ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಬಂದಿತ್ತು. ಆಮೇಲೆ ರಬ್ಬರಿನ ದುಂಡು ಉಂಗುರ ತಂದೆ. ಅದರಲ್ಲಿ ಜೋಡಣೆಯ ಕಾಟವಿಲ್ಲ, ಆದರೆ ಉಳಿ ಹಿತ್ತಾಳೆಗೆ ಇಳಿದೊಡನೆ ಹಿಗ್ಗಿ, ಜಾರಿ, ಬಿಸಿಯಾಗಿ ವಾಸನೆ ಹೊಡೆಯಿತು.

ಮೂರನೆಯ ಸಲ ಹೋದಾಗ, ಬೀದಿಯ ಒಳಸಂದಿಯ ಒಂದು ಕಿರಿಯ ಅಂಗಡಿಯಲ್ಲಿ ಕುಳಿತಿದ್ದ ಮುದುಕರು ನಂಬರು ಕೇಳಲಿಲ್ಲ. "ಯಾವ ಕೆಲಸಕ್ಕೆ?" ಎಂದರು. ಅಷ್ಟು ದಿನಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಹೇಳಿದೆ. ಹರಿದ ತುಂಡನ್ನು ಅಳೆಯಲು ನಾನು ಕೊಟ್ಟಾಗ ಅದನ್ನು ಪಕ್ಕಕ್ಕಿಟ್ಟು, "ಇದು ಮುದಿಯಾಗಿ ಹಿಗ್ಗಿದೆ. ಇದನ್ನು ಅಳೆದರೆ ಸುಳ್ಳು ಹೇಳುತ್ತದೆ. ಗಾಲಿಯನ್ನು ಅಳೆಯಿರಿ" ಎಂದರು. ಮನೆಗೆ ಬಂದು ಅಳೆದೆ. ಒಂದು ಗಾಲಿ 60, ಇನ್ನೊಂದು 40. ನಡುವಿನ ದೂರ 200 ಮಿಲಿಮೀಟರು. ತೋಳು ಎತ್ತ ತಿರುಗಿದರೂ ಈ ದೂರ ಬದಲಾಗದು. ಆ ಯಂತ್ರದ ಜಾಣತನ ಅದು. ನಡುವಿನ ದೂರದ ಇಮ್ಮಡಿ 400. ಎರಡು ಗಾಲಿಗಳ ಅರ್ಧ ಸುತ್ತಳತೆ ಕೂಡಿ 157. ಗಾಲಿಗಳ ಹೆಚ್ಚುಕಡಿಮೆಗಾಗಿ ಇನ್ನು ಅರ್ಧ. ಒಟ್ಟು 557 ಚಿಲ್ಲರೆ. ಹಳೆಯ ಲೆಕ್ಕದಲ್ಲಿ ಇಪ್ಪತ್ತೆರಡು ಅಂಗುಲ. ದಾರ ಸುತ್ತಿ ನೋಡಿದರೂ ಅಷ್ಟೇ ಬಂದಿತು.

ಅವರು ಕೊಟ್ಟದ್ದು ಹಸುರು ಬಣ್ಣದ ಪಾಲಿಯುರಿಥೇನ್ ಹುರಿ, ಮೀಟರಿನ ಲೆಕ್ಕದಲ್ಲಿ. ಬಿಗಿಯಾಗಿ ಕೂರಲೆಂದು ನೂರಕ್ಕೆ ಐದು ಪಾಲು ಕಡಿಮೆ, ಅಂದರೆ 530 ಮಿಲಿಮೀಟರಿಗೆ ಕತ್ತರಿಸಬೇಕು. ಎರಡು ತುದಿಗಳನ್ನೂ ಕಾದ ಅಲಗಿನ ಎರಡು ಪಕ್ಕಕ್ಕೆ ಒತ್ತಿ ಹಿಡಿದು, ಕರಗಿ ಮಣಿ ಕಟ್ಟಿದೊಡನೆ ಅಲಗನ್ನು ಸೆಳೆದು, ತುದಿಗೆ ತುದಿ ಕೂಡಿಸಿ, ಅಲುಗದೆ ಹಿಡಿದುಕೊಂಡಿರಬೇಕು. ಆರಿದ ಮೇಲೆ ಉಬ್ಬಿದ ಅಂಚನ್ನು ಉಗುರು ಕತ್ತರಿಯಿಂದ ಸವರಬೇಕು. ಕೊಂಡಿಯಿಲ್ಲ, ಗಂಟಿಲ್ಲ; ಎಲ್ಲಿ ಆರಂಭ, ಎಲ್ಲಿ ಕೊನೆ ಎಂದು ಬೆರಳಿಗೂ ತಿಳಿಯಬಾರದು. ಇಷ್ಟನ್ನೂ ಅವರು ಎದುರಿಗೇ ಮಾಡಿ ತೋರಿಸಿದರು. ಒಂದು ಮೀಟರಿನ ಬೆಲೆ ಎರಡು ಕಾಫಿ ತಿಂಡಿಗಿಂತ ಹೆಚ್ಚಾಗಲಿಲ್ಲ. ಹೇಳಿಕೊಟ್ಟದ್ದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಅಂದು ರಾತ್ರಿ ಯಂತ್ರ ಹಾಕಿದಾಗ ನನಗೆ ಮೊದಲು ತಿಳಿದದ್ದು ಕಿವಿಯಿಂದ. ಟಕಟಕ ಇಲ್ಲ, ತಂಬೂರಿಯ ಶ್ರುತಿಯಂತೆ ಒಂದೇ ನಾದ. ರದ್ದಿ ತಗಡಿನ ಮೇಲೆ ತಂದೆಯ 'ಶ್ರೀ' ಕೆತ್ತಿ ಭೂತಗನ್ನಡಿ ಹಿಡಿದೆ. ಅಂಚು ಕತ್ತಿಯ ಅಲಗಿನಂತಿತ್ತು.

ಮರುದಿನ ಫಲಕವನ್ನು ಹಿಡಿಕೆಯಲ್ಲಿ ಬಿಗಿದು, ಆಕೆಯ ಹೆಸರಿನ ಅಕ್ಷರಗಳನ್ನು ಜೋಡಿಸಿದೆ. ಮೂರಕ್ಷರದ ಹೆಸರು, ನಡುವೆ ಒಂದು ಒತ್ತು. ತಪ್ಪಿದರೆ ತಿದ್ದುವಂತಿಲ್ಲದ ಕೆಲಸ; ಮೇಲೆ ನಲವತ್ತಾರು ವರ್ಷದ ಹಿಂದಿನ ಹೆಸರು ನೋಡುತ್ತ ಕುಳಿತಿತ್ತು. ಮುಗಿಸಿ, ಗೆರೆಗಳಲ್ಲಿ ಕಪ್ಪು ಅರಗು ತುಂಬಿ, ಉಜ್ಜಿ ಒಪ್ಪಮಾಡಿ ತೆಗೆದುಕೊಂಡು ಹೋದೆ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಅವರ ಹೆಸರಿನ ಕಪ್ಪು ಮಾಸಿದೆ, ನನ್ನದು ಅಚ್ಚ ಕಪ್ಪಾಗಿದೆ" ಎಂದರು.

"ಅದಕ್ಕೂ ಹೊಸ ಅರಗು ತುಂಬಿಕೊಡುತ್ತೇನೆ, ಒಂದು ಗಳಿಗೆಯ ಕೆಲಸ" ಎಂದೆ.

"ಬೇಡ. ಅವರದು ಆಗಿನದು, ನನ್ನದು ಈಗಿನದು. ಇದ್ದ ಹಾಗೇ ಇರಲಿ."

ಈಗ ಆ ಫಲಕ ನಾಲ್ಕನೆಯ ಅಂತಸ್ತಿನ ಒಂದು ಬಾಗಿಲಿನ ಮೇಲಿದೆ. ಆ ಕಟ್ಟಡದಲ್ಲಿ ಉಳಿದ ಬಾಗಿಲುಗಳ ಮೇಲೆ ಇರುವುದು ಅಂಕಿ ಮಾತ್ರ.

ಹಳೆಯ ಯಂತ್ರ ಇಟ್ಟುಕೊಂಡಿರುವ ವಾಚಕರಿಗೆ, ಅದು ಹೊಲಿಗೆಯದಾಗಲಿ ಗ್ರಾಮಫೋನಿನದಾಗಲಿ, ನನ್ನದೊಂದು ಅರಿಕೆ. ಬೆಲ್ಟು ಗಟ್ಟಿಯಾಗಿರುವಾಗಲೇ ಗಾಲಿಗಳನ್ನು ಅಳೆದು ಒಂದು ಚೀಟಿಯಲ್ಲಿ ಬರೆದು ಯಂತ್ರದೊಳಗೇ ಇಡಿ. ನಾನು ಬರೆದಿಟ್ಟಿದ್ದೇನೆ, ಜೊತೆಗೆ ಎರಡು ಮೀಟರು ಹಸುರು ಹುರಿಯೂ, ಬೆಸೆಯುವ ವಿಧಾನವೂ ಇವೆ. ಮೊಮ್ಮಗಳು ಹಿತ್ತಾಳೆಯ ಅಕ್ಷರಗಳ ಪಡಿಯಚ್ಚನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ಹೇಳಿದ್ದಾಳೆ. ಆಗಲಿ, ಅದೂ ಆಗಬೇಕಾದ ಕೆಲಸವೇ. ಅಕ್ಷರಗಳ ಪೆಟ್ಟಿಗೆಯನ್ನು ಅವಳಿಗೆ ಕೊಟ್ಟಿದ್ದೇನೆ. 'ಕ'ದಿಂದ ಆರಂಭಿಸಿ 'ಚ'ವರೆಗೆ ಬಂದಿದ್ದಾಳೆ.